ನಿಮ್ಮ ಯೂನಿವರ್ಸಿಟಿ ಇತಿಹಾಸ ಬರೀಬೇಕಾ? ಕುಲಪತಿಗಳ ಪಟ್ಟಿ ಬಿಡಿ, ವ್ಯಾಪ್ತಿ ಹಿಡಿದು ಹೋಗಿ

ಪ್ರಾಜೆಕ್ಟ್‌ಗೋ, ಹಳೇ ವಿದ್ಯಾರ್ಥಿ ಸಂಘದ ಸ್ಮರಣ ಸಂಚಿಕೆಗೋ, ಬೆಳ್ಳಿಹಬ್ಬಕ್ಕೋ ಯೂನಿವರ್ಸಿಟಿ ಬಗ್ಗೆ ಬರೀರಿ ಅಂದ ತಕ್ಷಣ ಮುಕ್ಕಾಲು ಜನ ಮಾಡೋದು ಒಂದೇ ಕೆಲಸ. ಮೊದಲ ಕುಲಪತಿಯಿಂದ ಇವತ್ತಿನ ಕುಲಪತಿವರೆಗೆ ಫೋಟೋ ಸಮೇತ ಪಟ್ಟಿ, ಯಾವ ಬಿಲ್ಡಿಂಗ್ ಯಾರು ಉದ್ಘಾಟನೆ ಮಾಡಿದ್ರು, ಕೊನೆಗೆ ನ್ಯಾಕ್ (ಯೂನಿವರ್ಸಿಟಿ, ಕಾಲೇಜುಗಳ ಗುಣಮಟ್ಟ ಅಳೆಯೋ ಸಂಸ್ಥೆ) ಕೊಟ್ಟ ಗ್ರೇಡು, ಮುಗೀತು. ಅದನ್ನ ಪೂರ್ತಿ ಓದಿದ್ರೂ ಆ ಯೂನಿವರ್ಸಿಟಿ ಯಾಕೆ ಹುಟ್ತು, ಅದು ಬರೋಕೆ ಮುಂಚೆ ಆ ಭಾಗದ ಹುಡುಗ್ರು ಪರೀಕ್ಷೆಗೆ ಎಲ್ಲಿಗೆ ಹೋಗ್ತಿದ್ರು, ಇದ್ದ ಕಾಲೇಜುಗಳು ಆಮೇಲೆ ಎಲ್ಲಿ ಹೋದ್ವು ಅನ್ನೋದು ಒಂದೂ ಗೊತ್ತಾಗಲ್ಲ.

ಕರ್ನಾಟಕದ ಸರ್ಕಾರಿ ಯೂನಿವರ್ಸಿಟಿಗಳ ವಿಷಯದಲ್ಲಿ ನಾನು ಹೇಳೋದು ಒಂದೇ, ವ್ಯಾಪ್ತಿ ಹಿಡ್ಕೊಂಡು ಹೋಗಿ. ಯಾವ ವರ್ಷ ಯಾವ ಜಿಲ್ಲೆ, ಯಾವ ಕಾಲೇಜು ಇದರ ಕೆಳಗೆ ಬಂತು, ಯಾವಾಗ ಕೈಬಿಟ್ಟು ಹೋಯ್ತು, ಅದನ್ನ ಮೊದಲು ಬರ್ಕೊಳ್ಳಿ, ಉಳಿದಿದ್ದೆಲ್ಲ ಅದರ ಹಿಂದೆನೇ ಬರುತ್ತೆ. ಯಾಕಂದ್ರೆ ನಮ್ಮಲ್ಲಿ ಮೈಸೂರು ಬಿಟ್ರೆ ಹೆಚ್ಚುಕಮ್ಮಿ ಎಲ್ಲ ಪ್ರಾದೇಶಿಕ ಯೂನಿವರ್ಸಿಟಿನೂ ಕೂಡು ಕುಟುಂಬ ಪಾಲಾದ ಹಾಗೆ ಇನ್ನೊಂದರಿಂದ ಒಡೆದು ಬಂದಿದ್ದೇ.

ಒಂದು ಉದಾಹರಣೆ ನೋಡಿ, ಬೆಂಗಳೂರಿನ ಸೆಂಟ್ರಲ್ ಕಾಲೇಜು. 1916ಕ್ಕೆ ಮುಂಚೆ ಅಲ್ಲಿ ಓದಿದವರಿಗೆ ಡಿಗ್ರಿ ಕೊಡ್ತಿದ್ದಿದ್ದು ಮದ್ರಾಸ್ ಯೂನಿವರ್ಸಿಟಿ, 1916ರಲ್ಲಿ ಮೈಸೂರು ಯೂನಿವರ್ಸಿಟಿ ಬಂದ್ಮೇಲೆ ಅದರ ಕೈಗೆ ಬಂತು, 1964ರಲ್ಲಿ ಬೆಂಗಳೂರು ಯೂನಿವರ್ಸಿಟಿ ಶುರುವಾಗಿದ್ದೇ ಈ ಸೆಂಟ್ರಲ್ ಕಾಲೇಜು ಮತ್ತೆ ಯುವಿಸಿಇ (ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜು) ಇಟ್ಕೊಂಡು, 2017ರಲ್ಲಿ ಬೆಂಗಳೂರು ಯೂನಿವರ್ಸಿಟಿ ಮೂರು ಭಾಗ ಆದಾಗ ಅದೇ ಕ್ಯಾಂಪಸ್ಸು ಬೆಂಗಳೂರು ಕೇಂದ್ರ ವಿಶ್ವವಿದ್ಯಾಲಯದ (ಆಮೇಲೆ ಬೆಂಗಳೂರು ನಗರ ವಿಶ್ವವಿದ್ಯಾಲಯ ಅಂತ ಹೆಸರಾಯ್ತು) ಕೇಂದ್ರ ಕಚೇರಿ ಆಯ್ತು. ಅದೇ ಕಲ್ಲಿನ ಕಟ್ಟಡ, ನಾಲ್ಕು ಯೂನಿವರ್ಸಿಟಿ. ಒಂದೇ ಮನೆಯಲ್ಲಿ ತಾತ, ಮಗ, ಮೊಮ್ಮಗಳು ಮೂವರೂ ಅಲ್ಲೇ ಓದಿದ್ರೂ ಸರ್ಟಿಫಿಕೇಟಲ್ಲಿ ಮೂರು ಬೇರೆ ಹೆಸರು ಇರಬಹುದು. ಇಂಥ ಒಂದೇ ಒಂದು ಹಳೇ ಕಾಲೇಜನ್ನ ನಿಮ್ಮ ಯೂನಿವರ್ಸಿಟಿ ವ್ಯಾಪ್ತಿಯಲ್ಲಿ ಆರಿಸ್ಕೊಂಡು ಅದು ಯಾರ್ಯಾರ ಕೈ ದಾಟಿ ಬಂದಿದೆ ಅಂತ ಮೊದಲು ಬರೀರಿ, ಇಡೀ ಬರಹಕ್ಕೆ ಬೆನ್ನೆಲುಬು ಅಲ್ಲೇ ಸಿಗುತ್ತೆ.

ಆಮೇಲೆ ತಾಯಿ ಯೂನಿವರ್ಸಿಟಿ, ಅಂದ್ರೆ ನಿಮ್ಮದು ಒಡೆದು ಬಂದ ಯೂನಿವರ್ಸಿಟಿ, ಯಾವುದು ಅಂತ ನೋಡಿ. ಇದು ಗೊತ್ತಿಲ್ದೇ ಹೊಸ ಯೂನಿವರ್ಸಿಟಿ ಲೈಬ್ರರಿಯಲ್ಲೇ ಹುಡುಕ್ತಾ ಕೂತ್ರೆ ಏನೂ ಸಿಗಲ್ಲ, ಹಳೇ ಕಾಗದ ಎಲ್ಲ ಆ ತಾಯಿ ಯೂನಿವರ್ಸಿಟಿಯಲ್ಲಿ ಇರುತ್ತೆ. ಮಂಗಳೂರು ಯೂನಿವರ್ಸಿಟಿ 1980ರಲ್ಲಿ ಆಗಿದ್ದು, ಆದ್ರೆ ಮಂಗಳೂರಲ್ಲಿ ಮೈಸೂರು ಯೂನಿವರ್ಸಿಟಿಯವರ ಸ್ನಾತಕೋತ್ತರ ಕೇಂದ್ರ 1968ರಿಂದನೇ ಇತ್ತು, ಹಾಗಾಗಿ ಮೊದಲ ಹನ್ನೆರಡು ವರ್ಷದ ಕಥೆ ಮೈಸೂರಿನ ವಾರ್ಷಿಕ ವರದಿಗಳಲ್ಲಿ ಇರುತ್ತೆ. ಗುಲ್ಬರ್ಗ ಯೂನಿವರ್ಸಿಟಿನೂ 1980ರದ್ದೇ, ಅದಕ್ಕೆ ಮುಂಚೆ ಧಾರವಾಡದ ಕರ್ನಾಟಕ ಯೂನಿವರ್ಸಿಟಿಯ ಸ್ನಾತಕೋತ್ತರ ಕೇಂದ್ರ, ಹಾಗಾಗಿ ಧಾರವಾಡಕ್ಕೆ ಹೋಗ್ಲೇಬೇಕು. ಕುವೆಂಪು ಯೂನಿವರ್ಸಿಟಿ (1987, ಶಂಕರಘಟ್ಟ) ಮೈಸೂರಿಂದ, ತುಮಕೂರು (2004) ಬೆಂಗಳೂರಿಂದ, ದಾವಣಗೆರೆ (2009) ಕುವೆಂಪುವಿಂದ, ಬೆಳಗಾವಿಯ ರಾಣಿ ಚನ್ನಮ್ಮ (2010) ಕರ್ನಾಟಕ ಯೂನಿವರ್ಸಿಟಿಯಿಂದ, ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ (2010) ಗುಲ್ಬರ್ಗದಿಂದ. ಈ ಎಲ್ಲದರಲ್ಲೂ ದಾರಿ ಒಂದೇ ಥರ. ಮೊದಲು ಬಾಡಿಗೆ ಕಟ್ಟಡದಲ್ಲೋ ಕಾಲೇಜಿನ ಒಂದು ಮೂಲೆಯಲ್ಲೋ ಸ್ನಾತಕೋತ್ತರ ಕೇಂದ್ರ, ಆಮೇಲೆ ಊರಿನವರ ಒತ್ತಾಯ, ಆಮೇಲೆ ಜಮೀನು, ಆಮೇಲೆ ಕಾಯ್ದೆ. ಆ ಮೊದಲನೇ ಹಂತವನ್ನೇ ಎಲ್ರೂ ಬಿಟ್ಟುಬಿಡ್ತಾರೆ, ದಯವಿಟ್ಟು ಬಿಡಬೇಡಿ, ಬಂದು ಕಷ್ಟಪಟ್ಟು ಕಟ್ಟಿದ ಮೇಷ್ಟ್ರುಗಳು ಇರೋದು ಅಲ್ಲೇ.

ತಾರೀಕಿನ ವಿಷಯದಲ್ಲಿ ಸ್ವಲ್ಪ ನಿಧಾನ ಮಾಡಿ. "ಸ್ಥಾಪನೆ" ಅಂತ ಒಂದು ವರ್ಷ ಬರೆದು ಮುಗಿಸೋಕಾಗಲ್ಲ. ಕಾಯ್ದೆ ಪಾಸಾದ ದಿನ ಬೇರೆ, ಅದು ಜಾರಿಗೆ ಬಂದ ದಿನ ಬೇರೆ, ಕಚೇರಿ ನಿಜವಾಗಿ ಕೆಲಸ ಶುರು ಮಾಡಿದ ದಿನ ಬೇರೆ. ಕರ್ನಾಟಕ ಯೂನಿವರ್ಸಿಟಿನೇ ತಗೊಳ್ಳಿ, 1949ರಲ್ಲಿ ಬಾಂಬೆ ಸರ್ಕಾರದ ಕಾಯ್ದೆ, 1950ರ ಮಾರ್ಚ್‌ನಲ್ಲಿ ಬಾಂಬೆಯಲ್ಲೇ ಕೆಲಸ ಶುರು, ಅದೇ ವರ್ಷ ಅಕ್ಟೋಬರಲ್ಲಿ ಧಾರವಾಡಕ್ಕೆ ಬಂದಿದ್ದು. ಒಬ್ಬರು 1949 ಅಂತಾರೆ, ಇನ್ನೊಬ್ಬರು 1950 ಅಂತಾರೆ, ಇಬ್ಬರೂ ಸರಿನೇ, ನೀವು ಮೂರನ್ನೂ ಬರೀರಿ. ಕನ್ನಡ ಮಾತಾಡೋ ಜನರ ಯೂನಿವರ್ಸಿಟಿಯ ಮೊದಲ ಕಚೇರಿ ಬಾಂಬೆಯಲ್ಲಿತ್ತು ಅನ್ನೋ ಒಂದೇ ವಿಷಯದಿಂದ ಏಕೀಕರಣಕ್ಕೆ ಮುಂಚಿನ ನಮ್ಮ ಸ್ಥಿತಿ ಎಷ್ಟು ಚೆನ್ನಾಗಿ ಗೊತ್ತಾಗುತ್ತೆ ನೋಡಿ. ಮೈಸೂರಿನ ಕಥೆ ಬೇರೆ. 1916ರ ಜುಲೈ 27ಕ್ಕೆ ಶುರು, ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲ, ವಿಶ್ವೇಶ್ವರಯ್ಯನವರು ದಿವಾನರು, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ಒಂದು ದೇಶೀ ಸಂಸ್ಥಾನ ತಾನೇ ಮುಂದೆ ನಿಂತು ಮಾಡಿದ ಯೂನಿವರ್ಸಿಟಿ ಅದು.

ಇನ್ನು ಕಾಗದ ಎಲ್ಲಿ ಹುಡುಕೋದು. ಮೊದಲು ಕಾಯ್ದೆ ಓದಿ, ಬೋರ್ ಅನ್ಸುತ್ತೆ ನಿಜ ಆದ್ರೆ ಓದಿ. ಹಳೇ ಮೂರಕ್ಕೂ (ಮೈಸೂರು, ಕರ್ನಾಟಕ, ಬೆಂಗಳೂರು) ಶುರುವಿನಲ್ಲಿ ಬೇರೆ ಬೇರೆ ಕಾಯ್ದೆ ಇತ್ತು, 1976ರಲ್ಲಿ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಅಂತ ಒಂದೇ ಕಾಯ್ದೆ ಕೆಳಗೆ ತಂದ್ರು, ಆಮೇಲೆ 2000ದ ಕಾಯ್ದೆ ಬಂತು, ಈಗ ನಡೀತಿರೋದು ಅದೇ, ತಿದ್ದುಪಡಿ ಮೇಲೆ ತಿದ್ದುಪಡಿ ಆಗಿದೆ. ಹೊಸ ಯೂನಿವರ್ಸಿಟಿ ಮಾಡಿದಾಗೆಲ್ಲ ಈ ತಿದ್ದುಪಡಿಯಲ್ಲೇ ಜಿಲ್ಲೆಗಳ ಹೆಸರು ಅತ್ತಿಂದ ಇತ್ತ ಹೋಗಿರುತ್ತೆ, ವ್ಯಾಪ್ತಿ ಪಕ್ಕಾ ಮಾಡ್ಕೊಳ್ಳೋಕೆ ಇದಕ್ಕಿಂತ ಗಟ್ಟಿ ದಾಖಲೆ ಇಲ್ಲ. ಆ ಮಸೂದೆ ವಿಧಾನಸಭೆಯಲ್ಲಿ ಬಂದ ದಿನದ ನಡಾವಳಿ ಸಿಕ್ಕಿದ್ರೆ ಇನ್ನೂ ಒಳ್ಳೇದು, ಯಾವ ಶಾಸಕರು ನಮ್ಮ ಜಿಲ್ಲೆ ಸೇರಿಸಿ ಅಂದ್ರು, ಯಾರು ಬೇಡ ಅಂದ್ರು ಅಂತ ಅವರದೇ ಮಾತಲ್ಲಿ ಇರುತ್ತೆ.

ಎರಡನೇದು ವಾರ್ಷಿಕ ವರದಿ, ನನಗಂತೂ ಬಂಗಾರ ಇದ್ದಂಗೆ. ಪ್ರತಿ ವರ್ಷದ್ದನ್ನೂ ಓದೋಕೆ ಹೋಗ್ಬೇಡಿ, ಐದೈದು ವರ್ಷಕ್ಕೊಂದು ತಗೊಂಡು ನಾಲ್ಕೇ ನಾಲ್ಕು ಅಂಕಿ ಒಂದು ಶೀಟಲ್ಲಿ ಬರ್ಕೊಳ್ಳಿ: ಸಂಯೋಜಿತ ಕಾಲೇಜು ಎಷ್ಟು, ಸ್ನಾತಕೋತ್ತರ ವಿಭಾಗ ಎಷ್ಟು, ವಿದ್ಯಾರ್ಥಿಗಳಲ್ಲಿ ಹುಡುಗಿಯರು ಎಷ್ಟು, ಮಂಜೂರಾದ ಬೋಧಕ ಹುದ್ದೆಯಲ್ಲಿ ಭರ್ತಿ ಎಷ್ಟು ಖಾಲಿ ಎಷ್ಟು. ಕೊನೇ ಅಂಕಿಯನ್ನ ಯಾವ ಕಾರಣಕ್ಕೂ ಬಿಡಬೇಡಿ. ಹೊಸ ವಿಭಾಗ ತೆಗೆದ್ವಿ ಅಂತ ವರದಿಯಲ್ಲಿ ದೊಡ್ಡದಾಗಿ ಇರುತ್ತೆ, ಆದ್ರೆ ಆ ವಿಭಾಗಕ್ಕೆ ಒಂದೂ ಕಾಯಂ ಹುದ್ದೆ ಇಲ್ದೇ ಪೂರ್ತಿ ಅತಿಥಿ ಉಪನ್ಯಾಸಕರೇ ನಡೆಸ್ತಿದ್ರೆ ಅದನ್ನ ಬೆಳವಣಿಗೆ ಅಂತ ಬರೆದು ಸುಮ್ನಾಗೋದು ಆ ಉಪನ್ಯಾಸಕರಿಗೆ ಮಾಡೋ ಅನ್ಯಾಯ, ವರ್ಷಗಟ್ಟಲೆ ಕಡಿಮೆ ಸಂಬಳದಲ್ಲಿ ಪಾಠ ಮಾಡಿ ಯೂನಿವರ್ಸಿಟಿ ಉಳಿಸಿದವರು ಅವರು, ಅವರ ಸಂಖ್ಯೆ ನಿಮ್ಮ ಬರಹದಲ್ಲಿ ಇರ್ಲೇಬೇಕು.

ಈ ಅಂಕಿ ಓದೋದ್ರಲ್ಲಿ ಒಂದು ಕಡೆ ತುಂಬ ಜನ ಎಡವ್ತಾರೆ. ಕಾಲೇಜುಗಳ ಸಂಖ್ಯೆ ಇದ್ದಕ್ಕಿದ್ದಂಗೆ ಇಳಿದ್ರೆ ಯೂನಿವರ್ಸಿಟಿ ಕೆಟ್ಟೋಯ್ತು ಅಂತ ಬರೆದುಬಿಡ್ತಾರೆ. ಹಾಗಲ್ಲ, ಮೊದಲು ವರ್ಷ ನೋಡಿ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂತು, ಮೆಡಿಕಲ್ ಕಾಲೇಜುಗಳು ಅತ್ತ ಹೋದ್ವು. 1998ರಲ್ಲಿ ಬೆಳಗಾವಿಯ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ), ಇಂಜಿನಿಯರಿಂಗ್ ಕಾಲೇಜುಗಳು ಅಲ್ಲಿಗೆ. 2009ರಲ್ಲಿ ಹುಬ್ಬಳ್ಳಿಯಲ್ಲಿ ಕಾನೂನು ವಿಶ್ವವಿದ್ಯಾಲಯ, ಲಾ ಕಾಲೇಜುಗಳೂ ಹೋದ್ವು. ಮೈಸೂರಿನ ಅಂಚೆ ತೆರಪಿನ ಶಿಕ್ಷಣ ಸಂಸ್ಥೆನೇ 1996ರಲ್ಲಿ ಮುಕ್ತ ವಿಶ್ವವಿದ್ಯಾಲಯ ಆಗಿ ಬೇರೆ ಆಯ್ತು. ವಿಜಯಪುರದಲ್ಲಿ 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಬಂದಾಗ ಮಹಿಳಾ ಕಾಲೇಜುಗಳು. ಇಷ್ಟು ಕಳ್ಕೊಂಡ ಮೇಲೂ ಹಳೇ ಯೂನಿವರ್ಸಿಟಿ ಹತ್ರ ಉಳಿದಿದ್ದು ಬಿಎ, ಬಿಕಾಂ, ಬಿಎಸ್ಸಿ ಕಾಲೇಜುಗಳು. ಸಂಯೋಜನೆ ಫೀಸು, ಪರೀಕ್ಷೆ ಫೀಸು ಇವು ಯೂನಿವರ್ಸಿಟಿಯ ಸ್ವಂತ ಆದಾಯದಲ್ಲಿ ಮುಖ್ಯವಾದವು, ಕಾಲೇಜು ಹೋದ್ರೆ ಅದೂ ಹೋಯ್ತು, ಆದ್ರೆ ಕ್ಯಾಂಪಸ್ಸು, ಸಿಬ್ಬಂದಿ, ಪಿಂಚಣಿ ಹೊರೆ ಎಲ್ಲ ಹಾಗೇ ಇರುತ್ತೆ. ಇವತ್ತು ಹಳೇ ಯೂನಿವರ್ಸಿಟಿಗಳು ದುಡ್ಡಿಲ್ಲ ಅಂತ ಒದ್ದಾಡೋದಕ್ಕೆ ಒಂದು ದೊಡ್ಡ ಕಾರಣ ಇಲ್ಲಿದೆ, ನಿಮ್ಮ ಶೀಟಲ್ಲಿ ಈ ವರ್ಷಗಳಿಗೆ ಒಂದು ಗೆರೆ ಎಳೆದು ಪಕ್ಕದಲ್ಲಿ ಆ ವರ್ಷದ ಆದಾಯ ಬರೆದು ನೋಡಿ, ನಿಮಗೇ ಕಾಣುತ್ತೆ.

ವರದಿ ಸಿಗದಿದ್ರೆ ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ ಕೊಡ್ಬೇಕು, ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. "ಯೂನಿವರ್ಸಿಟಿ ಇತಿಹಾಸದ ಮಾಹಿತಿ ಕೊಡಿ" ಅಂತ ಕೇಳಿದ್ರೆ ಏನೂ ಬರಲ್ಲ. "ಇಂಥ ವರ್ಷದಿಂದ ಇಂಥ ವರ್ಷದವರೆಗಿನ ಸಂಯೋಜಿತ ಕಾಲೇಜುಗಳ ಪಟ್ಟಿಯ ದೃಢೀಕೃತ ಪ್ರತಿ" ಅಂತ ದಾಖಲೆ ಹೆಸರು ಹಿಡಿದು ಕೇಳಿ. ಸಿಂಡಿಕೇಟ್ (ಯೂನಿವರ್ಸಿಟಿಯ ಆಡಳಿತ ಮಂಡಳಿ) ನಡಾವಳಿನೂ ಹಾಗೇ, ದಿನಾಂಕ ಹಾಕಿ ಕೇಳಿ. ಇನ್ನು ರಾಜ್ಯ ಪತ್ರಾಗಾರ ಬೆಂಗಳೂರಲ್ಲಿದೆ, ಮೈಸೂರು ಮತ್ತೆ ಧಾರವಾಡದಲ್ಲೂ ಅದರ ವಿಭಾಗೀಯ ಕಚೇರಿ ಇದೆ, ಸಂಸ್ಥಾನದ ಕಾಲದ್ದು ಬೇಕಿದ್ರೆ ಅಲ್ಲಿಗೆ ಹೋಗಿ. ಊರ ಹೆಸರನ್ನ ಹಳೇ ರೂಪದಲ್ಲೂ ಹುಡುಕಿ, 2014ರಲ್ಲಿ ಗುಲ್ಬರ್ಗ ಕಲಬುರಗಿ ಆಯ್ತು, ಬಿಜಾಪುರ ವಿಜಯಪುರ ಆಯ್ತು, ಹೊಸ ಹೆಸರು ಹಾಕಿದ್ರೆ ಹಳೇ ಕಡತ ಸಿಗಲ್ಲ.

ಕಾಗದದಲ್ಲಿ ಸಿಗದೇ ಇರೋದು ಜನರ ಹತ್ರ ಇರುತ್ತೆ. ಎಲ್ರೂ ನಿವೃತ್ತ ಕುಲಪತಿಗಳನ್ನೇ ಹುಡುಕ್ಕೊಂಡು ಹೋಗ್ತಾರೆ, ಹೋಗಿ ಬೇಡ ಅನ್ನಲ್ಲ, ಆದ್ರೆ ಪರೀಕ್ಷಾ ವಿಭಾಗದ ನಿವೃತ್ತ ಗುಮಾಸ್ತರನ್ನ ತಪ್ಪಿಸ್ಬೇಡಿ. ಆವಕ ಜಾವಕ ಬರೀತಿದ್ದವರು, ಕಂಪ್ಯೂಟರ್ ಬರೋ ಮುಂಚೆ ದಪ್ಪ ದಪ್ಪ ಲೆಡ್ಜರಲ್ಲಿ ಕೈಯಲ್ಲೇ ಅಂಕ ಏರಿಸಿ, ಒಬ್ಬರು ಓದಿ ಇನ್ನೊಬ್ಬರು ತಾಳೆ ನೋಡಿ, ಸಾವಿರಾರು ಹುಡುಗ್ರ ರಿಸಲ್ಟ್ ಹೊರಗೆ ಬಿಡ್ತಿದ್ದವರು ಅವರು. ಯಾವ ವರ್ಷ ಯಾವ ಕಾಲೇಜಿನ ಬಂಡಲ್ ಬರೋದು ನಿಂತೋಯ್ತು ಅಂತ ಅವರಿಗೆ ನೆನಪಿರುತ್ತೆ, ಅದು ನಿಮ್ಮ ವ್ಯಾಪ್ತಿ ಕಥೆಗೆ ನೇರ ಸಾಕ್ಷಿ. "ಯೂನಿವರ್ಸಿಟಿ ಬೆಳವಣಿಗೆ ಬಗ್ಗೆ ನಿಮ್ಮ ಅಭಿಪ್ರಾಯ ಏನು ಸರ್" ಅಂತ ಕೇಳಿದ್ರೆ ಭಾಷಣ ಬರುತ್ತೆ. "ಸರ್, ನೀವು ಕೆಲಸಕ್ಕೆ ಸೇರಿದಾಗ ನಿಮ್ಮ ಸೆಕ್ಷನ್ ಯಾವ ಬಿಲ್ಡಿಂಗಲ್ಲಿತ್ತು, ಪಕ್ಕದ ಟೇಬಲ್ಲಲ್ಲಿ ಯಾರು ಕೂರ್ತಿದ್ರು" ಅಂತ ಕೇಳಿ, ಆಮೇಲೆ ನೀವು ಮಾತಾಡೋ ಹಾಗೇ ಇಲ್ಲ, ಅವರೇ ಹೇಳ್ತಾ ಹೋಗ್ತಾರೆ. ಸಾಧ್ಯ ಆದ್ರೆ ಒಂದು ಹಳೇ ಮಾರ್ಕ್ಸ್ ಕಾರ್ಡೋ ಹಾಲ್ ಟಿಕೆಟ್ಟೋ ಕೈಯಲ್ಲಿ ಕೊಟ್ಟು ಕೇಳಿ.

ಕ್ಯಾಂಪಸ್ಸಿಗೆ ಜಮೀನು ಹೋದ ಊರಿನವರ ಹತ್ರನೂ ಹೋಗ್ಬೇಕು. ನೂರಾರು ಎಕರೆ ಎಲ್ಲಿಂದ ಬಂತು, ಗೋಮಾಳನಾ, ಕಾಡಾ, ರೈತರ ಹೊಲನಾ, ಪರಿಹಾರ ಸಿಕ್ತಾ, ಆ ಮನೆಯವರಿಗೆ ಒಳಗೆ ಕೆಲಸ ಸಿಕ್ತಾ. ಭೂಸ್ವಾಧೀನದ ಗೆಜೆಟ್ ಅಧಿಸೂಚನೆಯಲ್ಲಿ ಸರ್ವೆ ನಂಬರ್ ಇರುತ್ತೆ, ಅದನ್ನ ಹಿಡ್ಕೊಂಡು ಹೋದ್ರೆ ಮಾತು ಸುಲಭ. ಹೆಸರು ಹಾಕೋ ಮುಂಚೆ ಅವರನ್ನ ಕೇಳಿ.

ವ್ಯಕ್ತಿಗಳ ಬಗ್ಗೆ ಬರೀಲೇಬೇಡಿ ಅಂತಲ್ಲ. ಡಿ.ಸಿ. ಪಾವಟೆ 1954ರಿಂದ 1967ರವರೆಗೆ ಕರ್ನಾಟಕ ಯೂನಿವರ್ಸಿಟಿ ಕುಲಪತಿ ಆಗಿದ್ರು, ಅಷ್ಟು ವರ್ಷ ಒಬ್ಬರೇ ಇದ್ದಿದ್ರಿಂದ ಧಾರವಾಡದ ಕ್ಯಾಂಪಸ್ಸು ಆ ರೂಪಕ್ಕೆ ಬಂತು. ಕುವೆಂಪು ಮೈಸೂರಿನ ಕುಲಪತಿ ಆಗಿದ್ದ ಕೊನೇ ವರ್ಷ, 1960ರಲ್ಲಿ, ಮಾನಸಗಂಗೋತ್ರಿ ಕ್ಯಾಂಪಸ್ಸು ಶುರುವಾಯ್ತು, ಅದರಿಂದ ಸ್ನಾತಕೋತ್ತರ ಪಾಠ ಎಲ್ಲ ಒಂದೇ ಕಡೆ ಸೇರೋ ದಾರಿ ಆಯ್ತು. ಇಂಥ ಕಡೆ ಒಬ್ಬ ವ್ಯಕ್ತಿಯ ನಿರ್ಧಾರದಿಂದ ಏನು ಬದಲಾಯ್ತು ಅಂತ ತೋರ್ಸೋಕಾದ್ರೆ ಧಾರಾಳವಾಗಿ ಬರೀರಿ, ತೋರ್ಸೋಕಾಗದಿದ್ರೆ ಹೆಸರು ಅನುಬಂಧಕ್ಕೆ ಹಾಕಿ.

ನೀವು ಹೊಸ ಯೂನಿವರ್ಸಿಟಿಯವರಾದ್ರೆ, ಅಂದ್ರೆ 2023ರಲ್ಲಿ ಶುರುವಾದ ಹಾಸನ, ಚಾಮರಾಜನಗರ, ಕೊಡಗು, ಹಾವೇರಿ, ಬಾಗಲಕೋಟೆ, ಕೊಪ್ಪಳ, ಬೀದರ್ ಕಡೆಯವರಾದ್ರೆ, ಇತಿಹಾಸ ಬರೆಯೋಕೆ ಇನ್ನೂ ಟೈಮಿದೆ ಅಂತ ಕಾಯ್ಬೇಡಿ. 2025ರಲ್ಲೇ ಇಂಥವನ್ನ ಮುಚ್ಚಿ ಹಳೇ ಯೂನಿವರ್ಸಿಟಿಗೇ ಸೇರಿಸೋ ಮಾತು ಸರ್ಕಾರದ ಮಟ್ಟದಲ್ಲಿ ಬಂದಿತ್ತು. ಮೊದಲ ಸಿಂಡಿಕೇಟ್ ಸಭೆ ನಡಾವಳಿ, ತಾಯಿ ಯೂನಿವರ್ಸಿಟಿ ಜೊತೆ ಆಸ್ತಿ, ಸಿಬ್ಬಂದಿ ಹಂಚಿಕೆಯ ಪತ್ರಗಳು, ಮೊದಲ ಬ್ಯಾಚಿನ ಅಡ್ಮಿಶನ್ ರಿಜಿಸ್ಟರ್, ಇವುಗಳ ಪ್ರತಿ ಈಗಲೇ ತೆಗೆದಿಡಿ. ಇನ್ನು ಎಲ್ರಿಗೂ ಹೇಳೋದು, ಮಾತಾಡಿಸಿದವರ ರೆಕಾರ್ಡಿಂಗನ್ನ ಫೋನಲ್ಲೇ ಬಿಟ್ಟುಬಿಡ್ಬೇಡಿ, ಅವರ ಒಪ್ಪಿಗೆ ಬರೆಸ್ಕೊಂಡು, ಹೆಸರು, ದಿನಾಂಕ, ಊರು ಫೈಲಿನ ಹೆಸರಲ್ಲೇ ಹಾಕಿ, ಒಂದು ಪ್ರತಿ ಯೂನಿವರ್ಸಿಟಿ ಲೈಬ್ರರಿಗೆ, ಒಂದು ಅವರ ಮನೆಯವರಿಗೆ ಕೊಡಿ.