ಹೆಜ್‌ಹಾಗ್ ಬಟ್ಟಲಿನ ಕ್ಯಾಲ್ಸಿಯಂ ಲೆಕ್ಕ

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಹೆಜ್‌ಹಾಗ್ ಅಂದರೆ ನಮ್ಮ ಮುಳ್ಳುಹಂದಿ ಅಲ್ಲ. ಮುಳ್ಳುಹಂದಿ ಇಲಿ, ಅಳಿಲುಗಳ ಕಡೆಯದು. ಕಾಡಿನಲ್ಲಿ ಬಿದ್ದ ಜಿಂಕೆ ಕೊಂಬು, ಮೂಳೆ ಕಡಿದು ತನಗೆ ಬೇಕಾದ ಕ್ಯಾಲ್ಸಿಯಂ ತಾನೇ ಹುಡುಕಿಕೊಳ್ಳುತ್ತದೆ. ಅಮೆರಿಕ, ಬ್ರಿಟನ್‌ನಲ್ಲಿ ಮನೆಯೊಳಗೆ ಸಾಕುವ ಆಫ್ರಿಕನ್ ಪಿಗ್ಮಿ ಹೆಜ್‌ಹಾಗ್ ಅಂಗೈ ಮೇಲೆ ಕೂರುವ ಹುಳಬಾಕ. ಅದಕ್ಕೆ ನೀವು ಬಟ್ಟಲಿಗೆ ಹಾಕಿದ್ದೇ ಗತಿ. (ಅಮೆರಿಕದ ಕ್ಯಾಲಿಫೋರ್ನಿಯಾ, ಜಾರ್ಜಿಯಾ ರಾಜ್ಯಗಳಲ್ಲಿ ಇದನ್ನು ಸಾಕುವಂತಿಲ್ಲ, ನೆನಪಿರಲಿ.)

ಕ್ಯಾಲ್ಸಿಯಂ ಎಷ್ಟಿದೆ ಅಂತಷ್ಟೇ ನೋಡಿದರೆ ಸಾಲದು. ಜೊತೆಗಿರುವ ರಂಜಕವನ್ನೂ (ಫಾಸ್ಫರಸ್) ನೋಡಬೇಕು. ರಂಜಕ ಜಾಸ್ತಿಯಾಗಿ ಕ್ಯಾಲ್ಸಿಯಂ ಕಡಿಮೆಯಾದರೆ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಮೂಳೆ ಮೆತ್ತಗಾಗುತ್ತದೆ. ಒಂದು ಪಾಲು ರಂಜಕಕ್ಕೆ 1.2ರಿಂದ 1.5 ಪಾಲು ಕ್ಯಾಲ್ಸಿಯಂ ಇದ್ದರೆ ಸರಿ.

1. ಪ್ಯಾಕೆಟ್ ತಿರುಗಿಸಿ ಓದಿ. ಹೆಚ್ಚಿನವರು ಮುಖ್ಯ ಊಟವಾಗಿ ಬೆಕ್ಕಿನ ಒಣ ಆಹಾರ ಕೊಡುತ್ತಾರೆ, ದಿನಕ್ಕೆ ಒಂದೆರಡು ದೊಡ್ಡ ಚಮಚ. ಪ್ರೋಟೀನ್ ಶೇ 30ರ ಆಸುಪಾಸು, ಕೊಬ್ಬು ಶೇ 15ರೊಳಗೆ ಇರಲಿ. ಕ್ಯಾಲ್ಸಿಯಂ ಅಂಕಿಯನ್ನು ರಂಜಕದ ಅಂಕಿಯಿಂದ ಭಾಗಿಸಿ. ಶೇ 1.2 ಮತ್ತು ಶೇ 1 ಇದ್ದರೆ ಉತ್ತರ 1.2. ಒಂದಕ್ಕಿಂತ ಕಡಿಮೆ ಬಂದರೆ ಬೇರೆ ಪ್ಯಾಕೆಟ್ ನೋಡಿ. ಅಂಕಿಗಳೇ ಇಲ್ಲದಿದ್ದರೆ ಕಂಪನಿಗೆ ಬರೆದು ಕೇಳಿ.

2. ಹುಳದ ಲೆಕ್ಕ ಹಾಕಿ. ತಿಂಡಿಯಾಗಿ ಕೊಡುವ ಮೀಲ್‌ವರ್ಮ್ ಎಂಬ ಜೀರುಂಡೆ ಮರಿಹುಳದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಸುಮಾರು 17 ಪಟ್ಟು ಜಾಸ್ತಿ. ಕೇಳಿದರೆ ಗಾಬರಿಯಾಗುತ್ತದೆ ಅಲ್ವಾ? ಆದರೆ ಮೇಲಿನ ಪ್ಯಾಕೆಟ್‌ನ 10 ಗ್ರಾಂ ಆಹಾರದಲ್ಲಿ 120 ಮಿಲಿಗ್ರಾಂ ಕ್ಯಾಲ್ಸಿಯಂ, 100 ಮಿಲಿಗ್ರಾಂ ರಂಜಕ ಇರುತ್ತದೆ. ಹತ್ತು ಹುಳ, ಅಂದರೆ ಸುಮಾರು ಒಂದು ಗ್ರಾಂ, ಅದಕ್ಕೆ ಸೇರಿಸುವ ರಂಜಕ 3 ಮಿಲಿಗ್ರಾಂಗೂ ಕಡಿಮೆ. ಲೆಕ್ಕ ಅಷ್ಟೇನೂ ಅಲುಗಾಡುವುದಿಲ್ಲ. ಒಣ ಆಹಾರ ಮುಟ್ಟದೆ ಬರೀ ಹುಳಕ್ಕೆ ಹಟ ಹಿಡಿದಾಗಲೇ ತೊಂದರೆ ಶುರು. ಬೇಯಿಸಿದ ಕೋಳಿಯೂ ಅಷ್ಟೆ. ಅದರಲ್ಲೂ ರಂಜಕ ಹತ್ತು ಪಟ್ಟಿಗಿಂತ ಹೆಚ್ಚು.

3. ಹುಳವೇ ಊಟವಾಗಿದ್ದರೆ ಪುಡಿ ಸವರಿ. ರಂಜಕ ಇಲ್ಲದ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ತನ್ನಿ. ಹುಳಗಳನ್ನು ಸಣ್ಣ ಡಬ್ಬಿಗೆ ಹಾಕಿ, ಒಂದು ಚಿಟಿಕೆ ಉದುರಿಸಿ, ಕುಲುಕಿ, ತಕ್ಷಣ ಕೊಡಿ. ಬಿಟ್ಟರೆ ಪುಡಿ ಉದುರಿಹೋಗುತ್ತದೆ. ಹಿಂದಿನ ದಿನವೇ ಹುಳಗಳಿಗೆ ಕ್ಯಾಲ್ಸಿಯಂ ಬೆರೆಸಿದ ಆಹಾರ ತಿನ್ನಿಸಿಟ್ಟರೆ ಇನ್ನೂ ಒಳ್ಳೆಯದು. ಇಷ್ಟೆಲ್ಲ ಬೇಡ ಎನ್ನುವವರಿಗೆ ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಹುಳ ಇದೆ. ಅದರಲ್ಲಿ ಕ್ಯಾಲ್ಸಿಯಮ್ಮೇ ಜಾಸ್ತಿ.

4. ಸುಮ್ನೆ ಸುರಿಯಬೇಡಿ. ಒಣ ಆಹಾರ ಸರಿಯಾಗಿ ತಿನ್ನುವ ಪ್ರಾಣಿಗೆ ದಿನಾ ಪುಡಿ ಬೇಕಿಲ್ಲ. ವಿಟಮಿನ್ ಡಿ3 ಸೇರಿಸಿದ ಪುಡಿಯನ್ನಂತೂ ವೈದ್ಯರನ್ನು ಕೇಳದೆ ಕೊಡಬೇಡಿ, ಅತಿಯಾದರೆ ವಿಷ. ಕ್ಯಾಲ್ಸಿಯಂ ಸಿಗಲಿ ಅಂತ ಹಾಲು ಇಡುವುದೂ ತಪ್ಪು. ಹಾಲಿನ ಸಕ್ಕರೆ ಹೆಜ್‌ಹಾಗ್‌ಗೆ ಅರಗುವುದಿಲ್ಲ, ಭೇದಿಯಾಗುತ್ತದೆ.

5. ನಡಿಗೆ ಗಮನಿಸಿ. ರಾತ್ರಿ ಗೂಡಿನ ಆಟದ ಚಕ್ರ ಓಡಿಸುತ್ತಿದ್ದದ್ದು ನಿಲ್ಲಿಸಿದರೆ, ಹಿಂಗಾಲು ಎಳೆದರೆ ಪುಡಿ ಡಬ್ಬಿಗೆ ಕೈ ಹಾಕಬೇಡಿ. ವಾಬ್ಲಿ ಹೆಜ್‌ಹಾಗ್ ಸಿಂಡ್ರೋಮ್ ಎಂಬ ನರದ ಕಾಯಿಲೆಯಲ್ಲೂ ಹೀಗೇ ತೂರಾಡುತ್ತದೆ. ತೊಂದರೆ ಕ್ಯಾಲ್ಸಿಯಂ ಕೊರತೆಯದೇ ಎಂದು ನೋಡಲು ಎಕ್ಸ್‌ರೇ, ರಕ್ತಪರೀಕ್ಷೆ ಬೇಕಾಗುತ್ತದೆ. ಹೋಗುವಾಗ ಆಹಾರದ ಪ್ಯಾಕೆಟ್ಟೂ ಜೊತೆಗಿರಲಿ. ವೈದ್ಯರು ಕೇಳುವ ಮೊದಲ ಪ್ರಶ್ನೆ ಅದೇ ಆಗಿರಬಹುದು.