ಮಂಜಿಗೊಂದು, ಬಿಸಿಲಿಗೊಂದು: ಗುರಿ ಹೊಡೆಯಲು ನಾನು ಕನ್ನಡಕ ಆರಿಸಿದ್ದು ಹೀಗೆ

ಕೊಡಗಿನ ಸೆಪ್ಟೆಂಬರ್ ಬೆಳಕನ್ನು ನಂಬುವ ಹಾಗಿಲ್ಲ. ಬೆಳಿಗ್ಗೆ ಮಂಜು, ಹತ್ತು ಗಂಟೆಗೆ ಕಣ್ಣು ಕುಕ್ಕುವ ಬಿಸಿಲು, ಊಟದ ಹೊತ್ತಿಗೆ ಮತ್ತೆ ಮೋಡ ಕವಿದು ಹನಿ ಶುರು. ಕೊಡವರು ಆಯುಧ ಪೂಜಿಸುವ ಹಬ್ಬ ಕೈಲ್ ಪೊಳ್ದ್ ಬರುವುದು ಈ ದಿನಗಳಲ್ಲೇ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳೂ ಆಗಲೇ. ಕಾಯಿಯ ಹಿಂದೆ ಒಂದು ಕಡೆ ಬರೀ ಆಕಾಶ ಇರುತ್ತದೆ, ಇನ್ನೊಂದು ಕಡೆ ಕಪ್ಪು ಹಸಿರು ಎಲೆ. ಒಂದೇ ಬಣ್ಣದ ಗ್ಲಾಸು ಇದಕ್ಕೆಲ್ಲ ಆಗುವುದಿಲ್ಲ. ಲೆನ್ಸ್ ಬದಲಿಸಬಹುದಾದ ಕನ್ನಡಕ ಹುಡುಕಲು ಹೊರಟಿದ್ದು ಅದಕ್ಕೇ.

"ಅಜ್ಜ ಬರಿಗಣ್ಣಲ್ಲೇ ಹೊಡೀತಿದ್ರಲ್ಲ, ನಿಂಗೆ ಯಾಕೆ ಇದೆಲ್ಲ?" ಅಂತ ಚಿಕ್ಕಪ್ಪ ಕೇಳಿದರು. ಹಳೆ ಕೋವಿಯ ಹಿಂಭಾಗದಿಂದ ಬಿಸಿ ಗಾಳಿ, ಮದ್ದಿನ ಕಣ ಹಿಮ್ಮುಖವಾಗಿ ಬರಬಹುದು ಚಿಕ್ಕಪ್ಪ, ಏರ್ ರೈಫಲಿನ ಚರೆ ಗಟ್ಟಿ ಜಾಗಕ್ಕೆ ಬಡಿದರೆ ವಾಪಸ್ ಸಿಡಿಯುತ್ತದೆ ಎಂದೆ. ಪಕ್ಕದಲ್ಲಿ ನಿಂತವರ .22 ರೈಫಲಿನಿಂದ (ಸಣ್ಣ ಗುಂಡಿನ ರೈಫಲು) ಹಾರುವ ಬಿಸಿ ಖಾಲಿ ತೋಟಾ ನೇರ ಮುಖದ ಕಡೆಗೇ ಬರಬಹುದು. ಕಣ್ಣಿಗೆ ಇಷ್ಟು ಸಾಕು, ಅಲ್ವಾ?

ಹಾಗಾಗಿ ಬಣ್ಣಕ್ಕಿಂತ ಮೊದಲು ನಾನು ನೋಡಿದ್ದು ಗುರುತು. ಲೆನ್ಸು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದಾಗಿರಬೇಕು, ಅದರ ಮೇಲೆ 'ಝಡ್87+' (Z87+) ಎಂಬ, ಅಮೆರಿಕದ ಸುರಕ್ಷತಾ ಕನ್ನಡಕದ ಗುರುತು ಇರಬೇಕು. ಆ 'ಪ್ಲಸ್' ಮುಖ್ಯ. ಕಾಲು ಇಂಚಿನ ಉಕ್ಕಿನ ಗುಂಡನ್ನು ಸೆಕೆಂಡಿಗೆ 150 ಅಡಿ ವೇಗದಲ್ಲಿ ಹೊಡೆದು ನೋಡಿದ ಗುರುತು ಅದು. ಅಮೆರಿಕದ ಸೇನೆಯ ಮಾನದಂಡ ಇನ್ನೂ ಬಿಗಿ. ಅಲ್ಲಿ 0.15 ಇಂಚಿನ ತುಣುಕನ್ನು ಸೆಕೆಂಡಿಗೆ 640ರಿಂದ 660 ಅಡಿ ವೇಗದಲ್ಲಿ ಹಾರಿಸುತ್ತಾರೆ. ನಾನು ತೆಗೆದುಕೊಂಡಿದ್ದು ಎರಡನೆಯದು. ಹಾಗಂತ ನೇರ ಬಂದ ಗುಂಡನ್ನು ಯಾವ ಕನ್ನಡಕವೂ ತಡೆಯುವುದಿಲ್ಲ. ಇನ್ನೊಂದು ವಿಷಯ, ಗುರುತು ಫ್ರೇಮಿನ ಮೇಲೆ ಮಾತ್ರ ಇದ್ದರೆ ಸಾಲದು. ಬೇರೆಯಾಗಿ ಕೊಳ್ಳುವ ಪ್ರತಿ ಲೆನ್ಸಿನ ಮೇಲೂ ಇರಬೇಕು. ಅದೇ ಫ್ರೇಮಿಗೆ ಕೂರುವ, ಗುರುತೇ ಇಲ್ಲದ ಅಗ್ಗದ ಲೆನ್ಸುಗಳು ಸಿಗುತ್ತವೆ. ಅವು ಸುಮ್ನೆ ಬಣ್ಣದ ಪ್ಲಾಸ್ಟಿಕ್.

ನಾನು ಜಾಸ್ತಿ ಹೊತ್ತು ಕಳೆದದ್ದು ಫ್ರೇಮಿನ ಮೇಲೆ. ಅಂಗಡಿಯ ಕನ್ನಡಿ ಮುಂದೆ ನೇರ ನಿಂತು ಹಾಕಿಕೊಂಡರೆ ಏನೂ ಗೊತ್ತಾಗುವುದಿಲ್ಲ. ಕೋವಿ ಹೆಗಲಿಗೆ ಕೊಟ್ಟು ಕೆನ್ನೆಯನ್ನು ಬಟ್ಟಿಗೆ, ಅಂದರೆ ಕೋವಿಯ ಹಿಂಭಾಗಕ್ಕೆ, ಒತ್ತಿದಾಗ ತಲೆ ಮುಂದಕ್ಕೆ ಬಾಗುತ್ತದೆ. ಆಗ ನಾವು ನೋಡುವುದು ಲೆನ್ಸಿನ ನಡುವಿನಿಂದ ಅಲ್ಲ, ಮೂಗಿನ ಹತ್ತಿರದ ಮೇಲಿನ ಮೂಲೆಯಿಂದ. ಅಲ್ಲಿ ದಪ್ಪ ಅಂಚು ಇದ್ದರೆ ಗುರಿಗೇ ಅಡ್ಡ ಬರುತ್ತದೆ. ಅದಕ್ಕೆ ವಾಪಸ್ ಕೊಡಬಹುದಾದ ಕಡೆಯಿಂದ ತರಿಸಿ, ಕೋವಿ ಖಾಲಿ ಇದೆಯೆಂದು ಬಿಚ್ಚಿ ನೋಡಿಕೊಂಡು, ಮನೆಯಲ್ಲೇ ಹಿಡಿದು ನೋಡಿದೆ. ಕಣ್ಣು ಮುಚ್ಚಿ ಕೆನ್ನೆ ಕೊಡುವುದು, ಆಮೇಲೆ ಕಣ್ಣು ತೆರೆಯುವುದು. ತೆರೆದ ಕೂಡಲೇ ಅಂಚು ಕಂಡರೆ ಆ ಫ್ರೇಮು ಬೇಡ. ಬಟ್ಟು ತಾಗಿ ಕನ್ನಡಕ ಮೇಲೆದ್ದರೂ ಬೇಡ. ನಾನು ಇಟ್ಟುಕೊಂಡಿದ್ದರಲ್ಲಿ ಮೂಗಿನ ಪ್ಯಾಡನ್ನು ಬಗ್ಗಿಸಿ ಲೆನ್ಸನ್ನು ಸ್ವಲ್ಪ ಎತ್ತರಿಸಬಹುದು. ಕಿವಿಯ ಮೇಲಿನ ಕಡ್ಡಿ ತೆಳ್ಳಗೆ, ಚಪ್ಪಟೆ ಇದೆ. ಅದು ದಪ್ಪ ಇದ್ದರೆ ಸದ್ದು ತಡೆಯಲು ಕಿವಿ ಮುಚ್ಚುವ ಇಯರ್ ಮಫ್ ಸರಿಯಾಗಿ ಕೂರದೆ ಸದ್ದು ಒಳಗೆ ನುಗ್ಗುತ್ತದೆ.

ಇನ್ನು ಬಣ್ಣ. ಕಪ್ಪು ಗ್ಲಾಸು ನಮ್ಮ ಕಡೆ ಅಪರೂಪಕ್ಕೆ ಬೇಕಾಗುತ್ತದೆ. ಬಿಸಿಲಿಗೆ ಹಾಕುವ ಸಾಮಾನ್ಯ ಕಪ್ಪು ಲೆನ್ಸು ನೂರಕ್ಕೆ 8ರಿಂದ 18 ಪಾಲು ಬೆಳಕನ್ನಷ್ಟೇ ಬಿಡುತ್ತದೆ. ಕಾಫಿ ತೋಟದ ಅಂಚಿನ ನೆರಳಿನಲ್ಲಿ ಅದನ್ನು ಹಾಕಿದರೆ ಕಣ್ಣಿನ ಪಾಪೆ ಹಿಗ್ಗುತ್ತದೆ. ಪಾಪೆ ಹಿಗ್ಗಿದಷ್ಟೂ ಹತ್ತಿರದ ಸೈಟು (ಗುರಿ ಹಿಡಿಯಲು ಕೋವಿಯ ಮೇಲಿರುವ ಭಾಗ), ದೂರದ ಕಾಯಿ ಎರಡೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದು ಕಷ್ಟ. .22 ರೈಫಲಿನವರಿಗೆ ಇದು ಬೇಗ ಗೊತ್ತಾಗುತ್ತದೆ. ನಾನು ಸಾಧ್ಯವಾದಷ್ಟು ತಿಳಿ ಲೆನ್ಸಿನಲ್ಲೇ ಹೊಡೆಯುತ್ತೇನೆ. ಮಳೆ ಮೋಡಕ್ಕೆ ಬಣ್ಣವಿಲ್ಲದ್ದು, ಮಂಜಿಗೆ ಹಳದಿ, ಬಿಸಿಲು ಬಿದ್ದ ಆಕಾಶದ ಎದುರು ಮಾತ್ರ ತಿಳಿ ಬೂದು. ಹಳದಿ ಹಾಕಿದರೆ ಬೆಳಕು ಹೆಚ್ಚುತ್ತದೆ ಅಂತ ಹಲವರು ಅಂದುಕೊಂಡಿದ್ದಾರೆ. ಹೆಚ್ಚುವುದಿಲ್ಲ, ಸ್ವಲ್ಪ ಕಡಿಮೆಯೇ ಆಗುತ್ತದೆ. ಅದು ನೀಲಿ ಬೆಳಕನ್ನು ತಡೆಯುವುದರಿಂದ ಕಾಯಿಯ ಅಂಚು ಎದ್ದು ಕಾಣುತ್ತದೆ, ಅಷ್ಟೆ. ಗಾಳಿಗೆ ಹಾರಿಸುವ ಕಿತ್ತಳೆ ಬಣ್ಣದ ಬಿಲ್ಲೆ (ಕ್ಲೇ) ಹೊಡೆಯುವವರು ಹಸಿರು ಹಿನ್ನೆಲೆಗೆ ನೇರಳೆ ಛಾಯೆ ಇಷ್ಟಪಡುತ್ತಾರೆ. ನನಗೆ ಅದರ ಅಗತ್ಯ ಬೀಳಲಿಲ್ಲ.

ಮಸುಕು ಕಟ್ಟುವುದು ಇಲ್ಲಿ ದೊಡ್ಡ ತಲೆನೋವು. ಮೈ ಬಿಸಿ, ಲೆನ್ಸು ತಣ್ಣಗೆ, ಗಾಳಿ ಪೂರ್ತಿ ತೇವ. ಒಳಬದಿಗೆ ಆಂಟಿ ಫಾಗ್ ಲೇಪ ಇರುವುದನ್ನೇ ಕೊಂಡೆ. ಹುಬ್ಬಿಗೂ ಲೆನ್ಸಿಗೂ ನಡುವೆ ಗಾಳಿಯಾಡುವಷ್ಟು ಸಂದು ಬಿಟ್ಟುಕೊಂಡೆ. ಮುಂದೆ ಹಾಕುವ ಲೆನ್ಸನ್ನು ಜೀಪಿನಲ್ಲಿ ಬಿಡದೆ ಅಂಗಿಯ ಒಳಜೇಬಿನಲ್ಲಿ ಬೆಚ್ಚಗೆ ಇಡುತ್ತೇನೆ. ಕನ್ನಡಕದ ನಂಬರ್ ಇರುವವರಿಗೆ ಒಳಗೆ ಸಿಕ್ಕಿಸುವ ಸಣ್ಣ ಫ್ರೇಮು ಸಿಗುತ್ತದೆ. ಆದರೆ ಮಸುಕು ಕಟ್ಟಲು ಇನ್ನೊಂದು ಗಾಜು ಸೇರಿದ ಹಾಗೆ.

ಬದಲಿಸುವಾಗ ಲೆನ್ಸಿನ ಅಂಚನ್ನಷ್ಟೇ ಹಿಡಿಯಬೇಕು. ಕಟ್ ಎಂದು ಕೂತ ಮೇಲೆ ಮೆಲ್ಲಗೆ ಒಮ್ಮೆ ಎಳೆದು ನೋಡಬೇಕು. ಒಣಗಿದ ಬಟ್ಟೆಯಲ್ಲಿ ಉಜ್ಜಿದರೆ ಧೂಳೇ ಗೀರು ಹಾಕುತ್ತದೆ, ಮೊದಲು ನೀರು ಬಿಡಬೇಕು. ತಿನ್ನರ್ ಮುಟ್ಟಿಸಲೇಬಾರದು. ಡೀಟ್ ಇರುವ ಸೊಳ್ಳೆ ಕ್ರೀಮು ಹಚ್ಚಿದ ಕೈಯಲ್ಲೂ ಮುಟ್ಟಬಾರದು, ಪ್ಲಾಸ್ಟಿಕ್ ಹಾಳಾಗುತ್ತದೆ.

ಅಣ್ಣನ ಮಗಳು ಈಗ ಏರ್ ರೈಫಲ್ ಶುರು ಮಾಡಿದ್ದಾಳೆ. ನನ್ನ ಕನ್ನಡಕ ಅವಳ ಕೆನ್ನೆಯ ಹತ್ತಿರ ಬೆರಳು ತೂರುವಷ್ಟು ಸಂದು ಬಿಡುತ್ತಿತ್ತು. ಚರೆ ನುಗ್ಗಲು ಅಷ್ಟು ಜಾಗ ಸಾಕು. ಅವಳಿಗೆ ಸಣ್ಣ ಅಳತೆಯದು ಬೇರೆ ತರಿಸಿದ್ದೇನೆ, ಸದ್ಯಕ್ಕೆ ಬಣ್ಣವಿಲ್ಲದ ಲೆನ್ಸು ಮಾತ್ರ.