ಖಾಲಿ ಹೊಟ್ಟೆಯಲ್ಲಿ 112

ನಾನು ಮೈಸೂರಿನ ಒಂದು ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ವಯಸ್ಸು 43. ಹೋದ ವರ್ಷ ಸಂಕ್ರಾಂತಿ ಕಳೆದ ವಾರ ಕಾಲೇಜಿನಲ್ಲೇ ಒಂದು ಆರೋಗ್ಯ ತಪಾಸಣೆ ಶಿಬಿರ ಇತ್ತು. ತಿಂಡಿ ತಿನ್ನದೆ ಬನ್ನಿ ಎಂದಿದ್ದರು. ಬೆರಳು ಚುಚ್ಚಿದ ಹುಡುಗ ಮೀಟರ್ ನೋಡಿ, "ಮೇಡಂ, 112 ಇದೆ. ಶುಗರ್ ಶುರುವಾಗಿದೆ ನಿಮಗೆ" ಎಂದು ಹೇಳಿ ಮುಂದಿನವರನ್ನು ಕರೆದ. ಸಾಲಿನಲ್ಲಿ ನಿಂತಿದ್ದ ಎಲ್ಲರಿಗೂ ಕೇಳಿಸಿತು. ಅಷ್ಟು ಜನರ ಮುಂದೆ ಹಾಗೆ ಹೇಳಬಾರದಿತ್ತು ಎಂದು ಈಗಲೂ ಅನಿಸುತ್ತದೆ. ಒಂದು ಹನಿ ರಕ್ತ ನೋಡಿ ಅಷ್ಟು ಖಚಿತವಾಗಿ ಹೇಳುವ ಹಾಗೂ ಇಲ್ಲ. ಅದು ಆಮೇಲೆ ಗೊತ್ತಾಯಿತು.

ಅವತ್ತು ಇಡೀ ದಿನ ಅಮ್ಮನ ಕಾಲು ಕಣ್ಣ ಮುಂದೆ ಬರುತ್ತಿತ್ತು. ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ಚಪ್ಪಲಿ ಕಚ್ಚಿ ಆದ ಸಣ್ಣ ಗಾಯ ಆರು ತಿಂಗಳಾದರೂ ಮಾಯಲಿಲ್ಲ. ಕೊನೆಗೆ ಎರಡು ಬೆರಳು ತೆಗೆಯಬೇಕಾಯಿತು. ದಿನಾ ಗಾಯ ತೊಳೆದು ಬ್ಯಾಂಡೇಜ್ ಕಟ್ಟುತ್ತಿದ್ದವಳು ನಾನೇ. ಆ ವಾಸನೆ ಇನ್ನೂ ಮರೆತಿಲ್ಲ. ಹಾಗಾಗಿ 112 ಎಂದು ಕೇಳಿದ ಕೂಡಲೇ ನನ್ನ ಕೈಕಾಲು ತಣ್ಣಗಾಯಿತು.

ಸಂಜೆ ಮನೆಗೆ ಬರುವಾಗ ಮೆಡಿಕಲ್ ಶಾಪ್‌ನಲ್ಲಿ ಗ್ಲುಕೋಮೀಟರ್ ಕೊಂಡೆ. ಆಮೇಲಿನ ಮೂರು ವಾರ ನಾನು ಬದುಕಿದ್ದು ಆ ಪುಟ್ಟ ಪರದೆ ನೋಡಿಕೊಂಡೇ. ಎದ್ದ ಕೂಡಲೇ ಒಮ್ಮೆ, ತಿಂಡಿ ಆದ ಮೇಲೆ ಒಮ್ಮೆ, ಊಟಕ್ಕೆ ಮೊದಲು, ಊಟ ಆದ ಮೇಲೆ, ರಾತ್ರಿ ಮಲಗುವಾಗ. ಕೆಲವು ದಿನ ಏಳು ಸಲ ಚುಚ್ಚಿಕೊಂಡಿದ್ದೂ ಇದೆ. ಒಂದು ಬೆಳಗ್ಗೆ 118 ಬಂತು. ನಂಬಿಕೆ ಬರದೆ ಒಂದೇ ನಿಮಿಷದಲ್ಲಿ ಪಕ್ಕದ ಬೆರಳು ಚುಚ್ಚಿದೆ. 107. ಇನ್ನೊಂದು ದಿನ ಊಟಕ್ಕೆ ಮೊದಲೇ 184 ತೋರಿಸಿತು. ಎದೆ ಹೊಡೆದುಕೊಂಡಿತು. ಸ್ವಲ್ಪ ಹೊತ್ತಾದ ಮೇಲೆ ನೆನಪಾಯಿತು, ಆಗಷ್ಟೇ ಮಗಳಿಗೆ ಕಿತ್ತಳೆ ಸುಲಿದು ಕೊಟ್ಟಿದ್ದೆ. ಸೋಪು ಹಾಕಿ ಕೈ ತೊಳೆದು, ಒರೆಸಿ, ಮತ್ತೆ ನೋಡಿದರೆ 102. ಬೆರಳಿಗೆ ಅಂಟಿದ ಹಣ್ಣಿನ ರಸವನ್ನೇ ಮೀಟರ್ ಲೆಕ್ಕ ಹಾಕಿತ್ತು.

ಮನೆಯಲ್ಲಿ ಬಳಸುವ ಮೀಟರ್ ಲ್ಯಾಬ್‌ಗಿಂತ ಶೇ 15ರಷ್ಟು ಅತ್ತಿತ್ತ ತೋರಿಸಬಹುದು, ಅದಕ್ಕೆ ಒಪ್ಪಿಗೆಯೇ ಇದೆ. ಅಂದರೆ ನಿಜವಾಗಿ 105 ಇದ್ದರೆ ಅದು 92 ಎಂದರೂ ಸರಿ, 118 ಎಂದರೂ ಸರಿ. ಈಗಾಗಲೇ ಶುಗರ್ ಇದ್ದು ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅದು ತುಂಬಾ ಉಪಯೋಗದ ವಸ್ತು. ನನ್ನ ಹಾಗೆ ಗಡಿಯ ಮೇಲೆ ನಿಂತವರಿಗೆ ಅದರ ನಾಲ್ಕೈದು ಅಂಕಿಯ ಏರಿಳಿತದಿಂದ ಏನೂ ಗೊತ್ತಾಗುವುದಿಲ್ಲ. ನಿದ್ದೆ ಮಾತ್ರ ಹೋಗುತ್ತದೆ.

ಕೊನೆಗೆ ನಮ್ಮ ಬೀದಿಯ ಡಾಕ್ಟರ್ ಹತ್ತಿರ ಹೋದೆ. ನನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದ ಅಂಕಿಗಳನ್ನೆಲ್ಲ ಅವರು ತಾಳ್ಮೆಯಿಂದ ನೋಡಿದರು. "ಇದನ್ನೆಲ್ಲ ಪಕ್ಕಕ್ಕಿಡಿ ಅಮ್ಮ, ಸರಿಯಾಗಿ ಪರೀಕ್ಷೆ ಮಾಡೋಣ" ಎಂದರು. ಒಂದು ಹಾಳೆಯ ಮೇಲೆ ಬರೆದೂ ಕೊಟ್ಟರು. ಖಾಲಿ ಹೊಟ್ಟೆಯಲ್ಲಿ 100ರ ಒಳಗಿದ್ದರೆ ಸರಿ. 100ರಿಂದ 125 ಇದ್ದರೆ ಪ್ರಿಡಯಾಬಿಟಿಸ್, ಅಂದರೆ ಕಾಯಿಲೆಗೆ ಮುಂಚಿನ ಹಂತ. 126 ಮತ್ತು ಅದಕ್ಕಿಂತ ಮೇಲೆ ಎರಡು ಸಲ ಬಂದರೆ ಡಯಾಬಿಟಿಸ್. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮೊದಲ ಗೆರೆ 110. ಅಂದರೆ 104 ಬಂದವರನ್ನು ಒಬ್ಬರು ಪ್ರಿಡಯಾಬಿಟಿಸ್ ಎನ್ನುತ್ತಾರೆ, ಇನ್ನೊಬ್ಬರು ಏನಿಲ್ಲ ಎನ್ನುತ್ತಾರೆ. ಇದು ಗೊತ್ತಾದಾಗ ನನಗೆ ಸ್ವಲ್ಪ ಉಸಿರು ಬಂದ ಹಾಗಾಯಿತು. ನಿನ್ನೆಯವರೆಗೆ ಆರೋಗ್ಯ, ಇವತ್ತಿನಿಂದ ಕಾಯಿಲೆ ಎನ್ನುವ ಗೋಡೆ ಮೈಯೊಳಗೆ ಎಲ್ಲೂ ಇಲ್ಲ. ಗೆರೆ ಎಳೆದವರು ನಾವು.

ಗ್ಲೂಕೋಸ್ ಕುಡಿಸಿ ನೋಡುವ ಪರೀಕ್ಷೆಯನ್ನೂ ಅವರು ಬರೆದರು. ಇದನ್ನು ಎಷ್ಟೋ ಜನ ಮಾಡಿಸುವುದೇ ಇಲ್ಲ. ಖಾಲಿ ಹೊಟ್ಟೆಯ ರಕ್ತ ತೆಗೆದ ಮೇಲೆ 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕೊಡುತ್ತಾರೆ. ಐದು ನಿಮಿಷದೊಳಗೆ ಕುಡಿಯಬೇಕು. ಅಷ್ಟು ಸಿಹಿ ಕುಡಿದು ನನಗೆ ಹೊಟ್ಟೆ ತೊಳಸಿತು. ಲ್ಯಾಬ್‌ನವರು ನಿಂಬೆರಸ ಹಿಂಡಿ ಕೊಟ್ಟಿದ್ದರಿಂದ ಹೇಗೋ ಕುಡಿದೆ. ಆಮೇಲೆ ಎರಡು ಗಂಟೆ ಅಲ್ಲೇ ಸುಮ್ನೆ ಕೂರಬೇಕು. ಓಡಾಡಬಾರದು, ಏನೂ ತಿನ್ನಬಾರದು. ಎರಡು ಗಂಟೆ ಆದ ಮೇಲೆ ಮತ್ತೆ ರಕ್ತ. ಅದು 140ರ ಒಳಗಿರಬೇಕು. 140ರಿಂದ 199 ಇದ್ದರೆ ಗಡಿ, 200 ಮುಟ್ಟಿದರೆ ಕಾಯಿಲೆ.

ನನ್ನ ರಿಪೋರ್ಟ್ ಹೀಗಿತ್ತು. ಖಾಲಿ ಹೊಟ್ಟೆ 109. ಎರಡು ಗಂಟೆ ಆದ ಮೇಲೆ 152. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 6.1. ಅದರಲ್ಲಿ 5.7ರಿಂದ 6.4ರವರೆಗೆ ಪ್ರಿಡಯಾಬಿಟಿಸ್. ಮೂರೂ ಒಂದೇ ಮಾತು ಹೇಳುತ್ತಿದ್ದವು. ಜೊತೆಗೆ ಹಿಮೋಗ್ಲೋಬಿನ್ 9.6.

ಡಾಕ್ಟರ್ ಜಾಸ್ತಿ ಹೊತ್ತು ಮಾತಾಡಿದ್ದು ಈ ಕೊನೆಯದರ ಬಗ್ಗೆ. ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದಂತೆ. ಆ ಪರೀಕ್ಷೆ ಅಳೆಯುವುದು ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯನ್ನು. ಕಬ್ಬಿಣ ಸಾಲದಿದ್ದಾಗ ಹಳೆಯ ಕಣಗಳು ಜಾಸ್ತಿ ದಿನ ಉಳಿಯುತ್ತವೆ, ಜಾಸ್ತಿ ಸಕ್ಕರೆ ಅಂಟಿಸಿಕೊಳ್ಳುತ್ತವೆ. ತಿಂಗಳು ತಿಂಗಳು ಜಾಸ್ತಿ ರಕ್ತ ಹೋಗುವ ಹೆಂಗಸರು ಇದನ್ನು ತಿಳಿದಿರಲೇಬೇಕು. ನಮ್ಮಲ್ಲಿ ಎಷ್ಟು ಜನಕ್ಕೆ ಹಿಮೋಗ್ಲೋಬಿನ್ 12 ಇದೆ, ಹೇಳಿ? ಎಚ್‌ಬಿಎ1ಸಿ ಒಂದನ್ನೇ ನೋಡಿ ಹೆದರುವ ಅಥವಾ ನೆಮ್ಮದಿಯಾಗುವ ಮೊದಲು ಹಿಮೋಗ್ಲೋಬಿನ್ ಕೂಡ ಮಾಡಿಸಿ. ನನಗೆ ಗ್ಲೂಕೋಸ್ ಪರೀಕ್ಷೆಯಲ್ಲೂ 152 ಬಂದಿದ್ದರಿಂದ ಗಡಿಯಲ್ಲಿರುವುದಂತೂ ಖಚಿತವಾಯಿತು. ಮೂರು ತಿಂಗಳಿಗೆ ಕಬ್ಬಿಣದ ಮಾತ್ರೆ ಕೊಟ್ಟರು. ಶುಗರ್‌ಗೆ ಸದ್ಯಕ್ಕೆ ಮಾತ್ರೆ ಬೇಡ, ತೂಕ ಐದು ಕೆಜಿ ಇಳಿಸಿ ಎಂದರು. ಆಗ ನನ್ನ ತೂಕ 68, ಸೊಂಟದ ಸುತ್ತಳತೆ 92 ಸೆಂಟಿಮೀಟರ್. ನಮ್ಮ ದೇಶದ ಹೆಂಗಸರಿಗೆ 80, ಗಂಡಸರಿಗೆ 90 ದಾಟಬಾರದು.

ನನ್ನನ್ನು ಜಾಸ್ತಿ ಕಾಡಿದ್ದು ಒಂದೇ ಪ್ರಶ್ನೆ. ರಾತ್ರಿ ಏನೂ ತಿನ್ನದೆ ಮಲಗಿದರೂ ಬೆಳಗ್ಗೆ ಯಾಕೆ ಜಾಸ್ತಿ? ಒಂದು ರಾತ್ರಿ ಬರೀ ಮಜ್ಜಿಗೆ ಕುಡಿದು ಮಲಗಿದ್ದೆ. ಬೆಳಗ್ಗೆ 116. ಅನ್ನ ಬಿಟ್ಟಿದ್ದಕ್ಕೆ ಇದೇನಾ ಫಲ ಎಂದು ಅಳುವೇ ಬಂದಿತ್ತು. ಡಾಕ್ಟರ್ ವಿವರಿಸಿದ ಮೇಲೆ ಅರ್ಥವಾಯಿತು. ನಾವು ಮಲಗಿದ್ದಾಗ ಮಿದುಳಿಗೆ ಸಕ್ಕರೆ ಒದಗಿಸುವುದು ಲಿವರ್. ಕೂಡಿಟ್ಟದ್ದನ್ನು ರಾತ್ರಿಯಿಡೀ ಸ್ವಲ್ಪಸ್ವಲ್ಪ ಬಿಡುತ್ತದೆ, ಸಾಲದಿದ್ದರೆ ಹೊಸದಾಗಿ ತಯಾರಿಸುತ್ತದೆ. ಸಾಕು ನಿಲ್ಲಿಸು ಎಂದು ಅದಕ್ಕೆ ಹೇಳುವುದು ಇನ್ಸುಲಿನ್. ಹೊಟ್ಟೆಯ ಸುತ್ತ, ಲಿವರ್‌ನ ಒಳಗೆ ಕೊಬ್ಬು ಸೇರಿದರೆ ಲಿವರ್ ಆ ಮಾತು ಕೇಳುವುದಿಲ್ಲ. ಅದರ ಮೇಲೆ ಬೆಳಗಿನ ಜಾವ ಮೈ ಎಬ್ಬಿಸಲು ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಏರುತ್ತವೆ, ಅವೂ ಸಕ್ಕರೆ ಏರಿಸುತ್ತವೆ. ನಿದ್ದೆಗೆಟ್ಟರೆ, ಜ್ವರ ಬಂದರೆ, ಮನಸ್ಸು ಕುದಿಯುತ್ತಿದ್ದರೆ ಇನ್ನೂ ಜಾಸ್ತಿ. ಮಗಳಿಗೆ ಜ್ವರ ಬಂದು ರಾತ್ರಿಯಿಡೀ ಎದ್ದಿದ್ದ ಮರುದಿನ ನನಗೆ 119 ಬಂದಿತ್ತು. ಅವತ್ತು ನಾನು ಏನೂ ತಪ್ಪು ತಿಂದಿರಲಿಲ್ಲ.

ಇದು ತಿಳಿದ ಮೇಲೆ ಮೀಟರನ್ನು ಬೀರುವಿನೊಳಗೆ ಇಟ್ಟೆ. ಸೋಮವಾರ ಬೆಳಗ್ಗೆ ಮಾತ್ರ ನೋಡುವುದು ಎಂದು ತೀರ್ಮಾನಿಸಿದೆ.

ಬದಲಾಯಿಸಿದ್ದು ಮುಖ್ಯವಾಗಿ ಸಂಜೆಯನ್ನು. ನಮ್ಮ ಮನೆಯಲ್ಲಿ ಊಟ ಆಗುತ್ತಿದ್ದುದು ಒಂಬತ್ತೂವರೆ, ಹತ್ತಕ್ಕೆ. ಊಟ ಮುಗಿಸಿ ಟಿವಿ ಮುಂದೆ ಕೂತು ಹಾಗೇ ಮಲಗುವುದು. ಅದನ್ನು ಎಂಟು ಗಂಟೆಗೆ ತಂದೆ. ಸುಲಭ ಇರಲಿಲ್ಲ. ಯಜಮಾನರು ಅಂಗಡಿ ಮುಚ್ಚಿ ಬರುವುದೇ ಒಂಬತ್ತಕ್ಕೆ. ಮೊದಲ ಎರಡು ವಾರ ಅವರಿಗೂ ಬೇಜಾರು, ನನಗೂ ಸಂಕಟ. ಇಷ್ಟು ವರ್ಷ ಅವರನ್ನು ಬಿಟ್ಟು ಊಟ ಮಾಡಿದ್ದೇ ಇಲ್ಲ. ಈಗ ನಾನೂ ಮಗಳೂ ಎಂಟಕ್ಕೆ ಮುಗಿಸುತ್ತೇವೆ. ಅವರು ಬಂದಾಗ ಬಡಿಸಿ ಪಕ್ಕದಲ್ಲಿ ಕೂರುತ್ತೇನೆ.

ತಟ್ಟೆಯ ವಿಷಯಕ್ಕೆ ಬಂದರೆ, ಬಾಳೆಲೆ ಊಟವೇ ನನಗೆ ದಾರಿ ತೋರಿಸಿತು. ಎಲೆಗೆ ಮೊದಲು ಬರುವುದು ಕೋಸಂಬರಿ, ಪಲ್ಯ. ಅನ್ನ ಆಮೇಲೆ. ತರಕಾರಿ, ಕಾಳು ಮೊದಲು ತಿಂದು ಅನ್ನ ಕೊನೆಗೆ ತಿಂದರೆ ಊಟದ ನಂತರ ಸಕ್ಕರೆ ಏರುವುದು ಕಡಿಮೆ. ನಾನು ದಿನಾ ಹಾಗೇ ಮಾಡುತ್ತೇನೆ. ಒಂದು ಬಟ್ಟಲು ಹೆಸರುಬೇಳೆ ಕೋಸಂಬರಿ ಅಥವಾ ಸೊಪ್ಪಿನ ಪಲ್ಯ. ಆಮೇಲೆ ಹುರುಳಿಕಾಳಿನ ಬಸ್ಸಾರು, ಜೊತೆಗೆ ಮುದ್ದೆ. ಮುದ್ದೆಯ ಬಗ್ಗೆ ಒಂದು ಮಾತು. ರಾಗಿ ತಿಂದರೆ ಶುಗರ್ ಬರುವುದಿಲ್ಲ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ, ನಾರಿದೆ, ಒಳ್ಳೆಯ ಧಾನ್ಯವೇ. ಆದರೆ ಅದರಲ್ಲೂ ಬಹುಪಾಲು ಪಿಷ್ಟವೇ. ಹೊಲದಲ್ಲಿ ದುಡಿದ ನಮ್ಮಜ್ಜ ಎರಡು ದೊಡ್ಡ ಮುದ್ದೆ ನುಂಗಿ ಕರಗಿಸುತ್ತಿದ್ದರು. ಕುರ್ಚಿಯಲ್ಲಿ ಕೂರುವ ನನಗೆ ಒಂದು ಚಿಕ್ಕ ಮುದ್ದೆ ಸಾಕು. ಸಣ್ಣಗೆ ಬೀಸಿದ ಹಿಟ್ಟಿನ ರಾಗಿ ಗಂಜಿಯನ್ನಂತೂ ಬಿಟ್ಟೇಬಿಟ್ಟೆ. ಅದು ಕುಡಿದ ಕೂಡಲೇ ಏರುತ್ತಿತ್ತು. ಕಾಫಿಗೆ ಎರಡು ಚಮಚ ಸಕ್ಕರೆ ಇದ್ದದ್ದು ಮೊದಲು ಒಂದಾಯಿತು, ಅರ್ಧವಾಯಿತು, ಯುಗಾದಿ ಹೊತ್ತಿಗೆ ನಿಂತೇಹೋಯಿತು.

ಊಟ ಆದ ಹದಿನೈದು ನಿಮಿಷಕ್ಕೆ ಬೀದಿಯಲ್ಲಿ ಎರಡು ಸುತ್ತು ನಡೆಯುತ್ತೇನೆ. ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್‌ಗೆ ಕಾಯದೆ ರಕ್ತದ ಸಕ್ಕರೆ ಎಳೆದುಕೊಳ್ಳುತ್ತವೆ. ಬೆಳಗ್ಗೆ ವಾರಕ್ಕೆ ಐದು ದಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬಿರುಸಾಗಿ ಅರ್ಧ ಗಂಟೆ. ತಿಂಗಳಿಗೊಮ್ಮೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು. ಮೊದಲ ಸಲ ದೊಡ್ಡ ನಂದಿಯ ಹತ್ತಿರ ಬಂದಾಗ ಕಾಲು ನಡುಗಿ ಕೂತುಬಿಟ್ಟಿದ್ದೆ. ಈಗ ಅಲ್ಲಿ ನಂದಿಗೆ ಕೈಮುಗಿದು ಮೇಲೆ ಹತ್ತುತ್ತೇನೆ.

ಮೆಂತ್ಯದ ನೀರು, ಹಾಗಲಕಾಯಿ ರಸ, ಅಮೃತಬಳ್ಳಿ ಕಷಾಯ ಎಂದು ಹೇಳದವರೇ ಇಲ್ಲ. ಎಲ್ಲರೂ ಪ್ರೀತಿಯಿಂದಲೇ ಹೇಳಿದ್ದು. ಮೆಂತ್ಯ, ಹಾಗಲಕಾಯಿ ಅಡುಗೆಯಲ್ಲಿ ಇರಲಿ, ನನಗೂ ಇಷ್ಟ. ಅಮೃತಬಳ್ಳಿಯನ್ನು ಡಾಕ್ಟರ್ ಬೇಡ ಎಂದರು. ಅದನ್ನು ದಿನಾ ಕುಡಿದು ಲಿವರ್‌ಗೆ ತೊಂದರೆಯಾದ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ.

ಸಕ್ಕರೆ ಕಾಯಿಲೆಯಿಂದ ಖಂಡಿತ ತಪ್ಪಿಸಿಕೊಳ್ಳಬಹುದಾ ಎಂದು ನಾನು ಕೇಳಿದ್ದೆ. ಡಾಕ್ಟರ್ ಚೆನ್ನೈನಲ್ಲಿ ನಡೆದ ಒಂದು ಅಧ್ಯಯನದ ಬಗ್ಗೆ ಹೇಳಿದರು. 2006ರಲ್ಲಿ ಪ್ರಕಟವಾಗಿದ್ದು. ನನ್ನ ಹಾಗೆ ಗಡಿಯಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿದ್ದರು. ಏನೂ ಮಾಡದೆ ಇದ್ದವರಲ್ಲಿ ನೂರಕ್ಕೆ 55 ಜನರಿಗೆ ಕಾಯಿಲೆ ಬಂತು. ಊಟ, ನಡಿಗೆ ಸರಿಮಾಡಿಕೊಂಡವರಲ್ಲಿ ನೂರಕ್ಕೆ 39. ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲೂ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಎಲ್ಲ ಸರಿಯಾಗಿ ಮಾಡಿದರೂ ಕೆಲವರಿಗೆ ಬರುತ್ತದೆ. ಅದು ಅವರ ತಪ್ಪಲ್ಲ. ಇದನ್ನು ಮುಚ್ಚಿಡದೆ ಹೇಳಿದ್ದಕ್ಕೆ ನಮ್ಮ ಡಾಕ್ಟರ್ ಮೇಲೆ ನನಗೆ ಗೌರವ ಜಾಸ್ತಿಯಾಯಿತು. ನೂರರಲ್ಲಿ ಹದಿನಾರು ಜನ ಉಳಿದರಲ್ಲ, ಆ ಹದಿನಾರರಲ್ಲಿ ನಾನೂ ಒಬ್ಬಳಾಗಲಿ ಎಂದು ದಿನಾ ಬೆಳಗ್ಗೆ ಚಪ್ಪಲಿ ಮೆಟ್ಟುತ್ತೇನೆ.

ಮೂರು ತಿಂಗಳಿಗೆ ಹಿಮೋಗ್ಲೋಬಿನ್ 11.8 ಆಯಿತು. ಎಚ್‌ಬಿಎ1ಸಿ 5.8ಕ್ಕೆ ಇಳಿಯಿತು. ಅದರಲ್ಲಿ ಕಬ್ಬಿಣದ ಪಾಲೆಷ್ಟು, ನಡಿಗೆಯ ಪಾಲೆಷ್ಟು ಎಂದು ಬೇರೆ ಮಾಡಲು ಬರುವುದಿಲ್ಲ. ಖಾಲಿ ಹೊಟ್ಟೆಯದು 104. ಒಂದು ವರ್ಷ ಆದ ಮೇಲೆ, ಈ ಸಂಕ್ರಾಂತಿಗೆ, ಖಾಲಿ ಹೊಟ್ಟೆ 98, ಎಚ್‌ಬಿಎ1ಸಿ 5.6. ಗ್ಲೂಕೋಸ್ ಕುಡಿದು ಎರಡು ಗಂಟೆಗೆ 131. ತೂಕ 63, ಸೊಂಟ 86. ಸಕ್ಕರೆಯ ಮೂರು ಪರೀಕ್ಷೆಗಳಲ್ಲಿ ನಿಧಾನವಾಗಿ ಇಳಿದದ್ದು ಖಾಲಿ ಹೊಟ್ಟೆಯದೇ. ಮೊದಲ ಎರಡು ತಿಂಗಳು ಅದು ಅಲುಗಾಡಲೇ ಇಲ್ಲ. ಆಗ ಕೈಚೆಲ್ಲುವವರೇ ಜಾಸ್ತಿ, ದಯವಿಟ್ಟು ಬಿಡಬೇಡಿ.

ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನವರು ರಕ್ತ ತೆಗೆಯದೇ ಅಪಾಯ ಲೆಕ್ಕ ಹಾಕುವ ಒಂದು ಅಂಕಪಟ್ಟಿ ಮಾಡಿದ್ದಾರೆ. ವಯಸ್ಸು, ಸೊಂಟ, ವ್ಯಾಯಾಮ, ಅಪ್ಪ ಅಮ್ಮನಿಗೆ ಇತ್ತಾ, ಇಷ್ಟೇ ಪ್ರಶ್ನೆ. ನೂರಕ್ಕೆ 60 ಮುಟ್ಟಿದರೆ ಅಪಾಯ ಜಾಸ್ತಿ. ಹೋದ ವರ್ಷ ನನಗೆ 80 ಬಂದಿತ್ತು. ಈಗ 60. ಇನ್ನೂ ಗೆರೆಯ ಮೇಲೇ ಇದ್ದೇನೆ. ವಯಸ್ಸನ್ನೂ ಅಮ್ಮನನ್ನೂ ಬದಲಾಯಿಸಲಾಗದು. ಸೊಂಟ ಇನ್ನೂ ಆರು ಸೆಂಟಿಮೀಟರ್ ಇಳಿಯಬೇಕು.

ಹೋದ ವಾರ ಊರಿನಿಂದ ತಮ್ಮ ಬಂದಿದ್ದ. ಅವನಿಗೆ 38. ಅದೇ ಅಮ್ಮನ ಮಗ. ಹೊಲಿಗೆ ಟೇಪ್ ತಂದು ಅವನ ಸೊಂಟ ಅಳೆದೆ, 98. "ಬಿಡಕ್ಕ, ನನಗೇನಾಗಿದೆ" ಎಂದ. ನಾನು ಬಿಡಲಿಲ್ಲ. ಅಮ್ಮನ ಕಾಲಿನ ಗಾಯ ಅವನೂ ನೋಡಿದ್ದಾನೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಯ್ತು ಎಂದ. ಬರುವ ಶನಿವಾರ ಬೆಳಗ್ಗೆ ಲ್ಯಾಬ್‌ಗೆ ಕರೆದುಕೊಂಡು ಹೋಗುತ್ತೇನೆ. ಪರೀಕ್ಷೆಗೆ ಅಂತ ಅನ್ನ ಬಿಡಬೇಡ, ಮೂರು ದಿನ ಎಂದಿನಂತೆ ಊಟ ಮಾಡು, ಶುಕ್ರವಾರ ರಾತ್ರಿ ಚೆನ್ನಾಗಿ ನಿದ್ದೆ ಮಾಡು, ಬೆಳಗ್ಗೆ ನೀರು ಮಾತ್ರ ಕುಡಿ ಎಂದು ಹೇಳಿದ್ದೇನೆ. ಗ್ಲೂಕೋಸ್‌ಗೆ ಹಿಂಡಲು ಎರಡು ನಿಂಬೆಹಣ್ಣು ಚೀಲದಲ್ಲಿ ಹಾಕಿಕೊಳ್ಳುತ್ತೇನೆ.